ಸೈಲೇಜ್ ಗುಂಡಿಯಲ್ಲಿ ಕಂದು ಹೊಗೆ ಕಂಡರೆ ಹತ್ತಿರ ಹೋಗಬೇಡಿ

ಆನವಟ್ಟಿ ಕಡೆ ಮೆಕ್ಕೆಜೋಳ ಬೆಳೆದು, ಜೊತೆಗೆ ನಾಲ್ಕು ಹಸು ಕಟ್ಟಿಕೊಂಡವರು ಸೈಲೇಜ್ ಮಾಡೋದು ಹೇಗೆ ಅಂತ ಮೊಬೈಲ್‌ನಲ್ಲೇ ನೋಡಿ ಕಲೀತಾರೆ. ಕತ್ತರಿಸೋದು, ತುಳಿಯೋದು, ಪ್ಲಾಸ್ಟಿಕ್ ಮುಚ್ಚೋದು ಎಲ್ಲ ವಿಡಿಯೋದಲ್ಲಿರುತ್ತೆ. ಮುಚ್ಚಿದ ಮೇಲೆ ಒಳಗೆ ಏಳುವ ಗ್ಯಾಸ್ ಬಗ್ಗೆ ಮಾತ್ರ ಮಾತು ಕಡಿಮೆ.

ಗಿಡ ಹೀರಿದ ನೈಟ್ರೇಟ್ ಗುಂಡಿಯಲ್ಲಿ ಹುಳಿ ಬರುವಾಗ ನೈಟ್ರೈಟ್ ಆಗಿ, ಆಮೇಲೆ ನೈಟ್ರಿಕ್ ಆಕ್ಸೈಡ್ ಆಗುತ್ತೆ. ನಮ್ಮ ರಕ್ತನಾಳ ಸಡಿಲಗೊಳ್ಳಲು ಇದೇ ಅನಿಲ ಬೇಕು. ಅದನ್ನು ಕಂಡುಹಿಡಿದಿದ್ದಕ್ಕೆ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಬಂತು. ಜೀವರಸಾಯನ ಸಂಶೋಧನೆಗೆ ಪ್ರಯೋಗಾಲಯದಲ್ಲಿ ಇದನ್ನು ತಯಾರಿಸುವವರು ಪಾತ್ರೆಯಿಂದ ಗಾಳಿ ಪೂರ್ತಿ ಹೊರಹಾಕಿ, ಹೊಗೆ ಹೀರುವ ಗೂಡಿನೊಳಗೇ ಕೆಲಸ ಮಾಡ್ತಾರೆ. ಯಾಕಂದ್ರೆ ಆಮ್ಲಜನಕ ತಗುಲಿದರೆ ಅದು ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಆಗುತ್ತೆ, ಶ್ವಾಸಕೋಶಕ್ಕೆ ವಿಷ. ನಮ್ಮ ಗುಂಡಿಗೆ ಅಂಥ ಗೂಡು ಎಲ್ಲಿಂದ ಬರಬೇಕು?

ಈ ಗ್ಯಾಸ್ ಗಾಳಿಗಿಂತ ಭಾರ, ತಗ್ಗಿನಲ್ಲೇ ನಿಲ್ಲುತ್ತೆ. ಬ್ಲೀಚಿಂಗ್ ಪೌಡರ್‌ನಂಥ ವಾಸನೆ. ಕಡಿಮೆ ಇದ್ದಾಗ ಬಣ್ಣ ಕಾಣದೇ ಇರಬಹುದು. ಮೊದಲ ಮೂರು ದಿನ ಅತಿ ಹೆಚ್ಚು. ಮೂರು ವಾರದ ತನಕ ಗುಂಡಿಗೆ ಇಳಿಯಲೇಬೇಡಿ, ಮಕ್ಕಳನ್ನೂ ಕುರಿಯನ್ನೂ ಹತ್ತಿರ ಬಿಡಬೇಡಿ. ಒಳಗೆ ಯಾರಾದರೂ ಬಿದ್ದರೆ ಹಿಂದೆಯೇ ಧುಮುಕಬೇಡಿ, ಎರಡನೆಯವರೂ ಹೋಗ್ತಾರೆ. 112ಕ್ಕೆ ಫೋನ್ ಮಾಡಿ. ಉಸಿರಾಡಿದವರು ಆ ಹೊತ್ತಿಗೆ ಚೆನ್ನಾಗಿದ್ದರೂ ಆಸ್ಪತ್ರೆಗೆ ಹೋಗಲೇಬೇಕು: ಶ್ವಾಸಕೋಶದಲ್ಲಿ ನೀರು ತುಂಬೋದು ಎಷ್ಟೋ ಗಂಟೆ ಬಿಟ್ಟು.

ಗ್ಯಾಸ್ ಕಡಿಮೆ ಮಾಡೋದು ಹೊಲದಲ್ಲೇ ಶುರು. ಮಳೆ ಕೈಕೊಟ್ಟು ಬಾಡಿದ ಜೋಳ, ಯೂರಿಯಾ ಹೆಚ್ಚಾದ ಜೋಳ, ಇವೆರಡರಲ್ಲೂ ನೈಟ್ರೇಟ್ ಜಾಸ್ತಿ. ಒಣಗಿದ ಮೇಲೆ ಮಳೆ ಬಿದ್ದ ಕೂಡಲೇ ಕೊಯ್ಯಬೇಡಿ, ಒಂದು ವಾರವಾದರೂ ಬಿಡಿ. ದಂಟಿನ ಬುಡದಲ್ಲಿ ನೈಟ್ರೇಟ್ ಹೆಚ್ಚು, ಅದಕ್ಕೆ ಅರ್ಧ ಅಡಿಗಿಂತ ಮೇಲೇ ಕತ್ತರಿಸಿ. ಮೇವು ಸ್ವಲ್ಪ ಕಮ್ಮಿ ಬಂದರೆ ಬರಲಿ.

ಇಂಥ ಜೋಳವನ್ನು ಹಸಿಯಾಗಿ ಹಾಕೋದಕ್ಕಿಂತ ಸೈಲೇಜ್ ಮಾಡೋದೇ ಮೇಲು. ಹುಳಿ ಬಂದಾಗ ನೈಟ್ರೇಟ್ ಒಂದಷ್ಟು ಇಳಿಯುತ್ತೆ. ಒಣಗಿಸಿದರೆ ಇಳಿಯಲ್ಲ. ಮೇವು ತಿಂದ ಹಸು ಏದುಸಿರು ಬಿಟ್ಟು, ಒಸಡು ನೀಲಿಗಟ್ಟಿ, ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗಿದ್ದರೆ ಅದು ನೈಟ್ರೈಟ್ ವಿಷ ಇರಬಹುದು. ಮೇವು ನಿಲ್ಲಿಸಿ, ಹಸುವನ್ನು ಓಡಾಡಿಸದೆ ಪಶುವೈದ್ಯರನ್ನು ಕರೆಸಿ. ಅವರು ರಕ್ತನಾಳಕ್ಕೆ ಮೆಥಿಲೀನ್ ಬ್ಲೂ ಕೊಡ್ತಾರೆ.