ಕಾದಿರಿಸಿದ ರುಚಿ

ಬಳ್ಳಾರಿಯ ಅಕ್ಕಿ ಅಂಗಡಿಗೆ ಹೋದವರನ್ನು ಅಂಗಡಿಯವರು ಮೊದಲು ಕೇಳುವ ಪ್ರಶ್ನೆ ಒಂದೇ: “ಹಳೇದು ಕೊಡಲೋ, ಹೊಸದೋ?” ಬಟ್ಟೆಯ ಅಂಗಡಿಯಲ್ಲಾಗಲಿ, ತರಕಾರಿಯ ಸಂತೆಯಲ್ಲಾಗಲಿ ಹಳೆಯದಕ್ಕೆ ಹೆಚ್ಚು ಹಣ ತೆರುವವರು ಯಾರೂ ಇಲ್ಲ. ಅಕ್ಕಿಯ ವಿಷಯದಲ್ಲಿ ಮಾತ್ರ ನಾವೆಲ್ಲರೂ ಹಳೆಯದನ್ನೇ ಬಯಸಿ, ಹೆಚ್ಚು ತೆತ್ತು, ಗೆದ್ದವರಂತೆ ಮನೆಗೆ ಬರುತ್ತೇವೆ. ಈ ಹೆಚ್ಚಿನ ಹಣ ಯಾವುದರ ಬೆಲೆ, ಅದು ಯಾರಿಗೆ ಸಲ್ಲುತ್ತದೆ ಎಂಬ ಯೋಚನೆ ನನ್ನನ್ನು ಬಹುಕಾಲದಿಂದ ಕಾಡುತ್ತಿತ್ತು. ಕಳೆದ ವರ್ಷ ಸ್ಪೇನ್ ದೇಶದಿಂದ ಬಂದ ಎರಡು ಸೀಸೆಗಳು ಅದನ್ನು ಮತ್ತೆ ಎಬ್ಬಿಸಿದವು.

ನನ್ನ ಹಳೆಯ ಶಿಷ್ಯನೊಬ್ಬ ಉದ್ಯೋಗನಿಮಿತ್ತ ಆ ದೇಶದಲ್ಲಿದ್ದಾನೆ. ರಜೆಗೆ ಊರಿಗೆ ಬಂದವನು ಒಂದು ಸಂಜೆ ನಮ್ಮ ಮನೆಗೂ ಬಂದು, ಸಂಕೋಚಪಡುತ್ತಲೇ ಚೀಲದಿಂದ ಎರಡು ಸೀಸೆ ದ್ರಾಕ್ಷಾಮದ್ಯವನ್ನು ಹೊರತೆಗೆದ. “ಕುಡೀಬ್ಯಾಡ್ರಿ ಸರ್, ಬರೀ ರುಚಿ ನೋಡ್ರಿ” ಎಂದ. ನಾನು ಮದ್ಯದ ಅಭ್ಯಾಸವಿಲ್ಲದವನು. ಅದನ್ನು ಹೊಗಳಲು ಈ ಲೇಖನ ಬರೆಯುತ್ತಿಲ್ಲ. ಆದರೂ ತರಗತಿಯಲ್ಲಿ ಮೂವತ್ತು ವರ್ಷ ರಸವಿಚಾರವನ್ನು ಹೇಳಿದವನಿಗೆ ರಸನೆಯ ಕುತೂಹಲ ಅಷ್ಟೇನೂ ದೊಡ್ಡ ಅಪರಾಧವಲ್ಲವೆಂದು ಸಮಾಧಾನ ತಂದುಕೊಂಡು ಎರಡು ಲೋಟಗಳನ್ನು ತರಿಸಿದೆ.

ಎರಡೂ ಉತ್ತರ ಸ್ಪೇನಿನ ಎಬ್ರೊ ನದಿಯ ಸೀಮೆಯಾದ ರಿಯೋಹಾದವು. ಎರಡೂ ಟೆಂಪ್ರನೀಯೊ ಎಂಬ ಒಂದೇ ಕಪ್ಪು ದ್ರಾಕ್ಷಿಯವು. ಮೊದಲನೆಯದು ಹಿಂದಿನ ವರ್ಷದ ಕೊಯ್ಲಿನದು. ನೇರಳೆಹಣ್ಣು ತಿಂದವರ ನಾಲಿಗೆಯ ಬಣ್ಣ. ಬಾಯಿಗಿಟ್ಟೊಡನೆ ಹಣ್ಣಿನ ಹುಳಿ ಮುನ್ನುಗ್ಗಿತು. ಅದರ ಬೆನ್ನಿಗೇ ಹಸಿ ಅಡಿಕೆ ಅಗಿದಂತಹ ಒಗರು ವಸಡನ್ನು ಹಿಡಿದುಕೊಂಡಿತು. ಪ್ರಶ್ನೆ ಮುಗಿಯುವ ಮೊದಲೇ ಎಲ್ಲರೂ ಒಟ್ಟಿಗೆ ಉತ್ತರ ಕೂಗುವ ತರಗತಿಯ ನೆನಪಾಯಿತು.

ಎರಡನೆಯದು ಹತ್ತು ವರ್ಷ ದಾಟಿದ್ದು. ಲೋಟವನ್ನು ಓರೆಮಾಡಿದಾಗ ಅಂಚಿನಲ್ಲಿ ಇಟ್ಟಿಗೆಯ ಕೆಂಪು ಕಂಡಿತು. ಹುಳಿ ಇತ್ತು, ಆದರೆ ಹಿಂದೆ ಸರಿದು ಕುಳಿತಿತ್ತು. ವಸಡನ್ನು ಹಿಡಿದಿದ್ದ ಒಗರು ಕೈ ಸಡಿಲಿಸಿತ್ತು. ತಾಜಾ ಹಣ್ಣಿನ ಜಾಗದಲ್ಲಿ ಒಣಗಿದ ಅಂಜೂರ, ಹದ ಮಾಡಿದ ಹೊಗೆಸೊಪ್ಪು, ಬಹುದಿನ ಮುಚ್ಚಿಟ್ಟ ಮರದ ಪೆಟ್ಟಿಗೆಯ ವಾಸನೆ, ಎಲ್ಲಕ್ಕಿಂತ ಆಶ್ಚರ್ಯವೆಂದರೆ ಒಣಕೊಬ್ಬರಿಯ ಸುಳಿವು. ಸ್ಪೇನಿಗೆ ಕೊಬ್ಬರಿ ಎಲ್ಲಿಂದ ಬಂತೆಂದು ಕೇಳಿದೆ. ಅಲ್ಲಿಯವರು 225 ಲೀಟರಿನ ಓಕ್ ಮರದ ಪೀಪಾಯಿಗಳಲ್ಲಿ ಮದ್ಯವನ್ನು ಮಾಗಿಸುತ್ತಾರೆ. ಅದಕ್ಕೆ ಅಮೆರಿಕದ ಓಕನ್ನು ಬಳಸುವ ರೂಢಿ ಬಹಳ. ಆ ಮರದಲ್ಲಿ ಕೊಬ್ಬರಿಯನ್ನೂ ವೆನಿಲಾವನ್ನೂ ನೆನಪಿಸುವ ದ್ರವ್ಯಗಳಿವೆ ಎಂದು ಶಿಷ್ಯನು ಗುರುವಿಗೆ ಪಾಠ ಹೇಳಿದ. ಕಾಲ ಕಳೆದಂತೆ ಬಣ್ಣದ ಕಣಗಳೂ ಒಗರಿನ ಕಣಗಳೂ ಒಂದಕ್ಕೊಂದು ಹೆಣೆದುಕೊಂಡು ದೊಡ್ಡವಾಗುತ್ತವೆ. ಕೆಲವು ಗಷ್ಟಾಗಿ ಸೀಸೆಯ ತಳ ಸೇರುತ್ತವೆ. ಉಳಿದವು ನಾಲಿಗೆಯನ್ನು ಮೊದಲಿನಷ್ಟು ಕಾಡುವುದಿಲ್ಲ. ಮದ್ಯ ಮೃದುವಾಗುವ ಗುಟ್ಟು ಬಹುಮಟ್ಟಿಗೆ ಇಷ್ಟೇ.

ಈ ಕಾಯುವಿಕೆಗೆ ಆ ಸೀಮೆಯಲ್ಲಿ ಕಾಯಿದೆಯೇ ಇದೆ. ಕೆಂಪು ಮದ್ಯಕ್ಕೆ ‘ಕ್ರಿಯಾನ್ಸಾ’ ಎಂಬ ಹೆಸರು ಬೇಕಾದರೆ ಕನಿಷ್ಠ 2 ವರ್ಷ ಕಳೆಯಬೇಕು. ‘ರಿಸರ್ವಾ’ ಎನ್ನಿಸಿಕೊಳ್ಳಲು 3 ವರ್ಷ. ‘ಗ್ರಾನ್ ರಿಸರ್ವಾ’ಕ್ಕೆ 5 ವರ್ಷ. ಪ್ರತಿಯೊಂದಕ್ಕೂ ಇಷ್ಟು ಕಾಲ ಪೀಪಾಯಿಯಲ್ಲಿರಬೇಕೆಂಬ ಕಟ್ಟಳೆ ಬೇರೆ. ಟೆಂಪ್ರನೀಯೊ ಎಂಬ ಮಾತಿಗೆ ಬೇಗ ಮಾಗುವುದು ಎಂಬ ಅರ್ಥವಂತೆ. ಬೇಗ ಮಾಗುವ ಹಣ್ಣಿನಿಂದ ಬಹುಕಾಲ ಕಾಯುವ ರಸ! ‘ರಿಸರ್ವಾ’ ಎಂಬುದನ್ನು ಕನ್ನಡದಲ್ಲಿ ‘ಕಾದಿರಿಸಿದ್ದು’ ಎನ್ನಬಹುದು. ನಮ್ಮ ‘ಕಾಯು’ ಎಂಬ ಕ್ರಿಯಾಪದ ಎಷ್ಟು ಸೊಗಸಾದದ್ದು ನೋಡಿ: ಎದುರುನೋಡುವುದೂ ಅದೇ, ಕಾವಲಿರುವುದೂ ಅದೇ. ಕಾಲ ಬರಲೆಂದು ಕುಳಿತವನು ತನ್ನಲ್ಲಿರುವುದು ಕೈತಪ್ಪದಂತೆ ಕಾವಲೂ ಕೂರಬೇಕೆಂಬುದನ್ನು ಈ ಒಂದು ಪದ ಬಲ್ಲುದು.

ಆ ಗುಟುಕು ಗಂಟಲಿನಲ್ಲಿ ಇಳಿಯುತ್ತಿದ್ದಾಗ ನನಗೆ ನೆನಪಾದವಳು ನನ್ನ ಅಜ್ಜಿ. ಮದ್ಯದ ಹೆಸರೆತ್ತಿದರೂ ಬಾಯಿ ಮುಕ್ಕಳಿಸುತ್ತಿದ್ದ ಆಕೆ ಈ ಸಾದೃಶ್ಯವನ್ನು ಕ್ಷಮಿಸಲಾರಳು. ಆದರೂ ಕಾಲ ರುಚಿಯನ್ನು ಮಾಡುತ್ತದೆ ಎಂಬ ತತ್ತ್ವವನ್ನು ನನಗೆ ಮೊದಲು ಕಲಿಸಿದವಳು ಆಕೆಯೇ.

ನಮ್ಮದು ಸಿರುಗುಪ್ಪದ ಕಡೆಯ ಹಳ್ಳಿ. ಅಲ್ಲಿನ ನದಿಯಂಚಿನ ಕೆಲವು ನೆಲಗಳಿಗೆ ವಿಜಯನಗರದ ಅರಸರ ಕಾಲದಿಂದಲೇ ಕಾಲುವೆಯ ನೀರುಂಟು. ನಮ್ಮ ಹೊಲಕ್ಕೆ ಆ ಭಾಗ್ಯವಿರಲಿಲ್ಲ. ಜೋಳ ನಮ್ಮ ಅನ್ನವಾಗಿತ್ತು. ಅಕ್ಕಿ ಹಬ್ಬದ ದಿನದ ಅತಿಥಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಕೆಳಮಟ್ಟದ ಕಾಲುವೆಯ ನೀರು ನಮ್ಮ ಮೂರು ಎಕರೆಗೂ ಹರಿದ ಮೇಲೆ ಮನೆಗೆ ನೆಲ್ಲು ಬಂತು. ಆದರೆ ಬಂದ ನೆಲ್ಲನ್ನು ಕೂಡಲೇ ಕುಟ್ಟಿಸಿ ಉಣ್ಣಲು ಅಜ್ಜಿ ಬಿಡುತ್ತಿರಲಿಲ್ಲ. ಬೇವಿನ ಎಲೆ ಹಾಕಿ ಕಣಜ ತುಂಬಿಸಿ ಬಾಯಿ ಮುಚ್ಚಿಸುತ್ತಿದ್ದಳು. ಹೊಸ ಅಕ್ಕಿಗಾಗಿ ಹಟಮಾಡುತ್ತಿದ್ದ ನನಗೆ, “ಒಂದು ಮಳೆಗಾಲ ಕಾಣದ ಅಕ್ಕಿ ಇನ್ನೂ ಕೂಸೋ. ಕೂಸಿನ ಕೈಲಿ ದುಡಿಸ್ತಾರೇನು?” ಎನ್ನುತ್ತಿದ್ದಳು.

ಕೂಸಿನ ಗುಣ ಅನ್ನದಲ್ಲಿ ಕಾಣುತ್ತಿತ್ತು. ಹೊಸ ಅಕ್ಕಿಯ ಅನ್ನ ಪರಿಮಳದಲ್ಲಿ ಮುಂದು. ಬೇಯುವಾಗ ಪಡಸಾಲೆಯವರೆಗೂ ಹಾಲಿನಂಥ ಕಂಪು. ಆದರೆ ತಟ್ಟೆಗೆ ಬಂದರೆ ಅಗುಳು ಅಗುಳಿಗೆ ಅಂಟಿ ಮುದ್ದೆ. ಸಾರು ಹಾಕಿದರೆ ಕೆಸರು. ಉಂಡ ಮೇಲೆ ಹೊಟ್ಟೆಯಲ್ಲಿ ಕಲ್ಲು. ವರ್ಷ ಕಳೆದ ಅಕ್ಕಿ ಹೆಚ್ಚು ನೀರು ಕುಡಿದು, ಒದಗಿ, ಒಂದೊಂದು ಅಗುಳೂ ಬಿಡಿಬಿಡಿಯಾಗಿ ನಿಲ್ಲುತ್ತಿತ್ತು. ಕಂಪು ಕಡಿಮೆ, ಆದರೆ ಸಾರಿನ ರುಚಿಯನ್ನು ತನ್ನೊಳಗೆ ಕರೆದುಕೊಳ್ಳುವ ಸೌಜನ್ಯ ಹೆಚ್ಚು.

ಅಜ್ಜಿ ಕೈಯಳತೆಯಲ್ಲಿ ಬಲ್ಲುದನ್ನು ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ಕಂಡಿದ್ದಾರೆ. ಕೂಡಿಟ್ಟ ಅಕ್ಕಿಯಲ್ಲಿ ಪಿಷ್ಟದ ಪ್ರಮಾಣವೇನೂ ಹೆಚ್ಚುಕಡಿಮೆಯಾಗುವುದಿಲ್ಲ. ಪಿಷ್ಟದ ಸುತ್ತಲಿನ ಪ್ರೋಟೀನುಗಳು ಗಂಧಕದ ಕೊಂಡಿಗಳಿಂದ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಕೊಬ್ಬು ಒಡೆದು ಅದರ ಆಮ್ಲಗಳು ಪಿಷ್ಟದೊಡನೆ ಬೆಸೆಯುತ್ತವೆ. ಕೋಶಗಳ ಗೋಡೆ ಗಟ್ಟಿಯಾಗುತ್ತದೆ. ಆದುದರಿಂದ ಬೇಯುವಾಗ ಕಾಳು ಒಡೆದು ಗಂಜಿಯಾಗದೆ ನೀರು ಹೀರಿ ಹಿಗ್ಗುತ್ತದೆ. ಬದಲಾವಣೆಯ ಬಹುಭಾಗ ಮೊದಲ ಕೆಲವು ತಿಂಗಳುಗಳಲ್ಲೇ ನಡೆಯುತ್ತದೆ. ಶಾಖ ಹೆಚ್ಚಿದಷ್ಟೂ ಬೇಗ. ರಿಯೋಹಾದ ಮದ್ಯ ತಣ್ಣನೆಯ ನೆಲಮಾಳಿಗೆಯನ್ನು ಬೇಡುತ್ತದೆ. ನಮ್ಮ ಊರಿನ ಒಂದು ಬೇಸಿಗೆ ಅದನ್ನು ಕೆಡಿಸಿಬಿಡಬಲ್ಲುದು. ಆದರೆ ಎಲ್ಲರೂ ಶಪಿಸುವ ಬಳ್ಳಾರಿಯ ಅದೇ ಬಿಸಿಲು ಕಣಜದೊಳಗಿನ ಅಕ್ಕಿಯನ್ನು ಮಾಗಿಸುತ್ತದೆ.

ಅಕ್ಕಿಯನ್ನೂ ಮದ್ಯವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ ಅಪಚಾರ ನನ್ನೊಬ್ಬನದಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 27ನೆಯ ಅಧ್ಯಾಯ ಅನ್ನಪಾನಗಳ ವಿಚಾರಕ್ಕೆ ಮೀಸಲಾದದ್ದು. ಹೊಸ ಧಾನ್ಯ ಗುರು, ಅಂದರೆ ಜೀರ್ಣಕ್ಕೆ ಭಾರ. ವರ್ಷ ಕಳೆದದ್ದು ಪ್ರಶಸ್ತ ಎಂದು ಹೇಳುವ ಆ ಅಧ್ಯಾಯವೇ ಹೊಸ ಮದ್ಯವೂ ಗುರು, ಹಳೆಯದು ಲಘು, ರುಚಿಕರ ಎನ್ನುತ್ತದೆ. ಹಾಗೆಂದು ಹಳೆಯದೆಲ್ಲವೂ ಒಳ್ಳೆಯದೆಂದು ಭ್ರಮಿಸಬಾರದು. ಮಿತಿಮೀರಿ ಕೂಡಿಟ್ಟ ಅಕ್ಕಿಗೆ ಕಮಟು ಎಣ್ಣೆಯ ವಾಸನೆ ಹತ್ತುತ್ತದೆ. ಮಿತಿಮೀರಿ ಇಟ್ಟ ಮದ್ಯದಲ್ಲಿ ಹಣ್ಣಿನ ನೆನಪೂ ಅಳಿದು ಬರಿಯ ಹುಳಿ ಉಳಿಯುತ್ತದೆ. ಮೊದಲೇ ಸತ್ತ್ವವಿಲ್ಲದ್ದನ್ನು ಎಷ್ಟು ಕಾಲ ಇಟ್ಟರೂ ಅದು ಮುದಿಯಾಗುತ್ತದೆ, ಮಾಗುವುದಿಲ್ಲ.

ಇಷ್ಟೇ ಆಗಿದ್ದರೆ ಇದೊಂದು ರುಚಿಯ ಹರಟೆಯಾಗಿ ಮುಗಿಯುತ್ತಿತ್ತು. ಕಾಯುವುದಕ್ಕೆ ಇನ್ನೊಂದು ಮುಖವಿದೆ. ಅದನ್ನು ನಾನು ಕಂಡದ್ದು ಸುಮಾರು ಹತ್ತು ವರ್ಷದ ಹುಡುಗನಾಗಿದ್ದಾಗ.

ಆ ವರ್ಷ ಬೆಳೆಗೆ ರೋಗ ಬಿದ್ದಿತ್ತು. ಗೊಬ್ಬರಕ್ಕೆಂದು ಮುಂಗಡ ಕೊಟ್ಟಿದ್ದ ವ್ಯಾಪಾರಿ ಕಣಕ್ಕೇ ಬಂಡಿ ತಂದು ಹೊಸ ನೆಲ್ಲನ್ನು ತುಂಬಿಕೊಂಡ. ಲೆಕ್ಕ ತೀರಲಿಲ್ಲ. ಮರುದಿನ ಮನೆಗೆ ಬಂದು, ಕಣಜದಲ್ಲಿ ಹಿಂದಿನ ವರ್ಷದ್ದು ಇದೆಯಂತಲ್ಲ ಎಂದ. ಮದುವೆಯಾಗಿ ಕುರುಗೋಡಿಗೆ ಹೋಗಿದ್ದ ನನ್ನ ಅಕ್ಕ ಬೇಸಿಗೆಯಲ್ಲಿ ಚೊಚ್ಚಲ ಹೆರಿಗೆಗೆ ಬರುವವಳಿದ್ದಳು. ಬಾಣಂತಿಗೆಂದು ಅಜ್ಜಿ ಎರಡು ಚೀಲ ಹಳೆಯ ನೆಲ್ಲನ್ನು ಕಾದಿರಿಸಿದ್ದಳು. ಅಪ್ಪ ಬಹಳ ಹೊತ್ತು ನೆಲ ನೋಡುತ್ತ ನಿಂತು, ಆಮೇಲೆ ಕಣಜದ ಬಾಯಿ ತೆಗೆದರು. ಅಜ್ಜಿ ಒಂದು ಮಾತೂ ಆಡಲಿಲ್ಲ. ಬಂಡಿ ಓಣಿ ದಾಟುವವರೆಗೂ ಹೊಸ್ತಿಲ ಮೇಲೆ ಕುಳಿತಿದ್ದಳು.

ಅಕ್ಕನಿಗೆ ಗಂಡುಮಗುವಾಯಿತು. ಮರುದಿನ ಬೆಳಗ್ಗೆ ಅಜ್ಜಿ ಸೆರಗಿನಲ್ಲಿ ಹೊಸ ಅಕ್ಕಿ ಕಟ್ಟಿಕೊಂಡು, ಕೈಯಲ್ಲಿ ಸೇರು ಹಿಡಿದು, ಓಣಿಯ ಮನೆಮನೆಗೂ ಹೋದಳು. ನಾನು ಬೆನ್ನಿಗಿದ್ದೆ. ಯಾರ ಮುಂದೆಯೂ ಕೈಯೊಡ್ಡದ ಹೆಂಗಸು, “ಎರಡು ಸೇರು ಹೊಸದು ತಗೊಂಡು ಒಂದು ಸೇರು ಹಳೇದು ಕೊಡ್ರವ್ವಾ, ಬಾಣಂತಿಗೆ” ಎಂದು ಕೇಳಿದಳು. ನಾಲ್ಕನೆಯ ಮನೆಯಲ್ಲಿ ಸಿಕ್ಕಿತು. ಆ ದಿನ ನನಗೆ ಗೊತ್ತಾಯಿತು: ಒಂದು ವರ್ಷದ ಬೆಲೆ ಒಂದು ಸೇರು ಅಕ್ಕಿ. ನಮ್ಮ ಎರಡು ಚೀಲವನ್ನು ಒಯ್ದವನು ಅದಕ್ಕೆ ಆ ಬೆಲೆಯನ್ನೇನೂ ಕೊಟ್ಟಿರಲಿಲ್ಲ.

ಇಂದು ಸಿರುಗುಪ್ಪದ ಬಯಲನ್ನು ಭತ್ತದ ಕಣಜವೆನ್ನುತ್ತಾರೆ. ಸೋನಾ ಮಸೂರಿಯ ಹೆಸರು ನಾಡೆಲ್ಲ ತಿಳಿದಿದೆ. ಬಾಪಟ್ಲದಲ್ಲಿ ಬೆಳೆಸಿ 1986ರಲ್ಲಿ ಬಿಡುಗಡೆ ಮಾಡಿದ ಬಿ.ಪಿ.ಟಿ. 5204 ತಳಿ ಇಲ್ಲಿನ ಗದ್ದೆಗಳಲ್ಲೂ ನೆಲೆಸಿತು. ಕಾಯುವ ವ್ಯವಧಾನವಿಲ್ಲದವರಿಗಾಗಿ ಗಿರಣಿಗಳು ಹೊಸ ನೆಲ್ಲಿಗೇ ಹಬೆ ಕೊಟ್ಟು ‘ಸ್ಟೀಮ್ ಅಕ್ಕಿ’ ಮಾಡುತ್ತವೆ. ಅದರ ಅನ್ನವೂ ಬಿಡಿಬಿಡಿಯಾಗುತ್ತದೆ. ಮದ್ಯಕ್ಕೆ ಓಕ್ ಮರದ ಚಕ್ಕೆ ಹಾಕಿ ಪೀಪಾಯಿಯ ವಾಸನೆ ಬರಿಸುವವರು ಅಲ್ಲಿಯೂ ಇದ್ದಾರೆ. ಹೆಸರು ಹೇಳಿ ಮಾರಿದರೆ ಇದರಲ್ಲಿ ಮೋಸವೇನಿಲ್ಲ.

ಆದರೆ ನೆಲ್ಲು ಬೆಳೆದವನು ಕಾಯುವುದು ಇಂದಿಗೂ ಸುಲಭವಾಗಿಲ್ಲ. ಕೊಯ್ಲಿನಲ್ಲಿ ನೂರಕ್ಕೆ 20 ಪಾಲು ತೇವವಿರುವ ಒಂದು ಕ್ವಿಂಟಲ್ ಭತ್ತ, ಕೂಡಿಡಲು ತಕ್ಕ 14 ಪಾಲಿಗೆ ಒಣಗುವ ಹೊತ್ತಿಗೆ ಸುಮಾರು 93 ಕೆ.ಜಿ. ಆಗಿರುತ್ತದೆ. ಪೀಪಾಯಿಯ ಮದ್ಯವೂ ಹೀಗೆಯೇ ಆವಿಯಾಗುತ್ತದೆ; ಅಲ್ಲಿಯವರು ಕಡಿಮೆಯಾದದ್ದನ್ನು ತುಂಬಿಸಿ, ಆ ನಷ್ಟವನ್ನೂ ಸೀಸೆಯ ಬೆಲೆಗೆ ಸೇರಿಸುತ್ತಾರೆ. ನಮ್ಮ ರೈತನ 7 ಕೆ.ಜಿ. ಗಾಳಿಗೆ ಹೋಯಿತೆಂದರೆ ಹೋಯಿತು. ಮೇಲೆ ಹುಳು, ಇಲಿ, ಸಾಲದ ಬಡ್ಡಿ. ಉಗ್ರಾಣದಲ್ಲಿಟ್ಟ ಧಾನ್ಯದ ರಸೀದಿಯನ್ನೇ ಆಧಾರವಾಗಿಟ್ಟು ಸಾಲ ಪಡೆಯಲು 2007ರ ಉಗ್ರಾಣ ಕಾಯಿದೆ ದಾರಿ ಮಾಡಿತು. ಒಳ್ಳೆಯ ದಾರಿಯೇ. ಆದರೆ ಕಣದಲ್ಲಿ ಬಂಡಿ, ಈಗ ಲಾರಿ, ನಿಂತಿರುವಾಗ ಆ ದಾರಿ ಹಿಡಿದು ಉಗ್ರಾಣದವರೆಗೆ ನಡೆಯುವಷ್ಟು ಸಮಯ ಎಷ್ಟು ಮಂದಿಗೆ ದೊರೆಯುತ್ತದೆ?

ಕಳೆದ ತಿಂಗಳು ನನ್ನ ಬಾಲ್ಯದ ಗೆಳೆಯನ ಮನೆಯಲ್ಲಿ ಉಂಡೆ. ಆತನದು ಈಗಲೂ ಸಿರುಗುಪ್ಪದ ಬಳಿ ಐದು ಎಕರೆ ಗದ್ದೆ. ಅನ್ನ ಮಲ್ಲಿಗೆಯ ಹಾಗೆ ಬಿಡಿಯಾಗಿತ್ತು. “ನಿನ್ನ ಗದ್ದೆಯದೇನೋ?” ಎಂದು ಕೇಳಿದೆ. ಆತ ನಕ್ಕು, “ನಮ್ಮದೆಲ್ಲ ಹಸಿ ಇರುವಾಗಲೇ ಹೋಯ್ತಪ್ಪ. ಇದು ನೀನು ಬರ್ತೀಯಂತ ಅಂಗಡಿಯಿಂದ ತಂದ ಹಳೇ ಅಕ್ಕಿ” ಎಂದ.

ನಾನು ಇನ್ನೊಂದು ತುತ್ತು ಬಾಯಿಗಿಟ್ಟೆ. ಎಲ್ಲ ವಿಧದಲ್ಲೂ ಒಳ್ಳೆಯ ಅಕ್ಕಿಯೇ. ಅದು ಯಾರ ಕಣದಿಂದ ಯಾವ ದರಕ್ಕೆ ಹೋಗಿ, ಎಷ್ಟು ದಿನ ಯಾರ ಗೋದಾಮಿನಲ್ಲಿ ಮಾಗಿ ಮತ್ತೆ ಅದೇ ಊರಿಗೆ ಬಂತೋ, ನಾಲಿಗೆಗೆ ತಿಳಿಯುವಂತಿರಲಿಲ್ಲ. ಅಂಗಡಿಯವರು “ಹಳೇದೋ, ಹೊಸದೋ?” ಎಂದಾಗ ನಾನು ಈಗಲೂ ಹಳೆಯದನ್ನೇ ಕೇಳುತ್ತೇನೆ. ಹಣ ಎಣಿಸಿ ಕೊಡುವಾಗ ಮಾತ್ರ, ಸೆರಗಿನಲ್ಲಿ ಎರಡು ಸೇರು ಕಟ್ಟಿಕೊಂಡು ಓಣಿಯಲ್ಲಿ ನಡೆಯುತ್ತಿರುವ ಮುದುಕಿಯೊಬ್ಬಳು ಕಣ್ಣಮುಂದೆ ಬರುತ್ತಾಳೆ.