ಒಂದೇ ತಂತಿಗೆ ಹಲವು ದನಿ
ವಿದ್ಯುತ್ ಗಿಟಾರಿನ ಕೋರಸ್ ಪೆಡಲನ್ನು ಆರಿಸುವ ಬಗೆ

ಪುತ್ತೂರಿನ ಮಹಾಲಿಂಗೇಶ್ವರ ದೇವಾಲಯದಲ್ಲಿ ಎಪ್ರಿಲ್ ತಿಂಗಳ ಜಾತ್ರೆ ನಡೆಯುವಾಗ ದೇವರ ಸವಾರಿಯ ಮುಂದೆ ನಾಗಸ್ವರದವರು ಸಾಗುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಒಬ್ಬನೇ ವಾದಕ ನುಡಿಸುವಾಗ ಕೇಳುವ ನಾದಕ್ಕೂ, ಇಬ್ಬರು ಜೊತೆಗೂಡಿ ಅದೇ ಸ್ವರಗಳನ್ನು ನುಡಿಸುವಾಗ ಕೇಳುವ ನಾದಕ್ಕೂ ಒಂದು ಭೇದವುಂಟು. ಎರಡನೆಯದು ಬರಿಯ ಗಟ್ಟಿ ದನಿಯಾಗಿ ತೋರುವುದಿಲ್ಲ. ಅದಕ್ಕೆ ಒಂದು ಅಗಲ, ಒಂದು ಮಿನುಗು ಬಂದಿರುತ್ತದೆ. ಹಳ್ಳಿಯ ಭಜನಾ ಮಂದಿರದಲ್ಲಿ ಇಪ್ಪತ್ತು ಮಂದಿ ಒಟ್ಟಾಗಿ ನಾಮಾವಳಿಯನ್ನು ಹೇಳುವಾಗಲೂ ಹೀಗೆಯೇ. ಇದಕ್ಕೆ ಕಾರಣವೇನು?

ಕಾರಣ ಸ್ವಲ್ಪ ವಿಚಿತ್ರವಾಗಿದೆ. ಇಪ್ಪತ್ತು ಮಂದಿಯ ದನಿ ಪೂರ್ಣವಾಗಿ ಒಂದಾಗದಿರುವುದೇ ಆ ಸೊಗಸಿಗೆ ಮೂಲ. ಒಬ್ಬನು ಕೂದಲೆಳೆಯಷ್ಟು ಮೊದಲು, ಇನ್ನೊಬ್ಬನು ತುಸು ಆಮೇಲೆ. ಒಬ್ಬನ ಶ್ರುತಿ ಅಣುಮಾತ್ರ ಮೇಲೆ, ಇನ್ನೊಬ್ಬನದು ಅಣುಮಾತ್ರ ಕೆಳಗೆ. ಸೆಕೆಂಡಿಗೆ 220 ಸಲ ಕಂಪಿಸುವ ಒಂದು ತಂತಿಯನ್ನೂ 222 ಸಲ ಕಂಪಿಸುವ ಇನ್ನೊಂದನ್ನೂ ಒಟ್ಟಿಗೆ ಮೀಟಿದರೆ, ನಾದವು ಸೆಕೆಂಡಿಗೆ ಎರಡು ಬಾರಿ ಉಬ್ಬಿ ತಗ್ಗುತ್ತದೆ. ತಂಬೂರಿಯನ್ನು ಶ್ರುತಿ ಮಾಡುವವರು ಆಲಿಸುವ ಅಲೆ ಇದೇ. ಮೇಳದಲ್ಲಿ ಇಂತಹ ನೂರಾರು ಅಲೆಗಳು ಹೆಣೆದುಕೊಳ್ಳುವುದರಿಂದ ಕಿವಿಗೆ ಮಿನುಗಿನ ಅನುಭವವಾಗುತ್ತದೆ.

ಒಬ್ಬನೇ ಗಿಟಾರ್ ವಾದಕನಿಗೆ ಈ ಮೇಳದ ಗುಣವನ್ನು ಯಂತ್ರದಿಂದ ಒದಗಿಸುವ ಪುಟ್ಟ ಪೆಟ್ಟಿಗೆಯೇ ಕೋರಸ್ ಪೆಡಲ್. ಕಾಲಿನಿಂದ ಒತ್ತಿ ಚಾಲೂ ಮಾಡುವುದರಿಂದ ಅದಕ್ಕೆ ಪೆಡಲ್ ಎಂಬ ಹೆಸರು.

ಹೊರಗಿನಿಂದ ಬಂದ ವಾದ್ಯಗಳು ನಮ್ಮ ಸೀಮೆಗೆ ಹೊಸವಲ್ಲ. ಪುತ್ತೂರಿನಲ್ಲಿ ಬಹುಕಾಲ ನೆಲೆಸಿದ್ದ ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಲ್ಲಿ ಪಿಟೀಲು, ಸ್ಯಾಕ್ಸೊಫೋನ್‌ಗಳನ್ನು ಬಳಸಿದರು. ನೆರೆಯ ಬಂಟ್ವಾಳ ತಾಲೂಕಿನಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿ ಲೋಕಪ್ರಸಿದ್ಧರಾದರು. ಇಂದು ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ರಸಮಂಜರಿಗಳಲ್ಲಿಯೂ ಇಗರ್ಜಿಗಳ ಗಾನವೃಂದಗಳಲ್ಲಿಯೂ ಗಿಟಾರ್ ಹಿಡಿದ ತರುಣರು ಕಾಣಸಿಗುತ್ತಾರೆ. ಆದರೆ ಪೆಡಲುಗಳನ್ನು ಸಾಲಾಗಿ ಇರಿಸಿ, ಒಂದೊಂದನ್ನೇ ನುಡಿಸಿ ನೋಡಿ ಕೊಳ್ಳುವ ಅನುಕೂಲ ಎಲ್ಲರಿಗೂ ಇಲ್ಲ. ಪುತ್ತೂರಿನಿಂದ ಮಂಗಳೂರಿಗೆ 50 ಕಿಲೋಮೀಟರಿನಷ್ಟು ದಾರಿ. ಸುಳ್ಯದಿಂದ 80ಕ್ಕೂ ಮಿಕ್ಕು. ಕೂಡಿಟ್ಟ ಹಣವನ್ನು ಕಳುಹಿಸಿ, ಕೇಳದೆಯೇ ತರಿಸಿಕೊಳ್ಳುವವರೇ ಹೆಚ್ಚು. ಅಂಥವರಿಗೆ ಯಂತ್ರದ ಒಳಗುಟ್ಟನ್ನು ತಿಳಿಯುವುದೇ ಒಳ್ಳೆಯ ದಾರಿದೀಪ.

ಓಲಾಡುವ ಗಾಯಕ

ಗಿಟಾರಿನಿಂದ ಬಂದ ವಿದ್ಯುತ್ ಸಂಕೇತವನ್ನು ಪೆಡಲ್ ಎರಡಾಗಿ ಕವಲೊಡೆಯಿಸುತ್ತದೆ. ಒಂದು ಕವಲು ಇದ್ದ ಹಾಗೆಯೇ ಮುಂದೆ ಸಾಗುತ್ತದೆ. ಇನ್ನೊಂದನ್ನು ಒಂದು ಸೆಕೆಂಡಿನ ಸಾವಿರದಲ್ಲಿ ಹತ್ತು ಇಪ್ಪತ್ತು ಭಾಗದಷ್ಟು ಹೊತ್ತು, ಎಂದರೆ 10-20 ಮಿಲಿಸೆಕೆಂಡ್, ತಡೆದು ಬಿಡುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಆದುದರಿಂದ 20 ಮಿಲಿಸೆಕೆಂಡಿನ ತಡವೆಂದರೆ, ಎರಡನೆಯ ವಾದಕ ನಮ್ಮಿಂದ ಸುಮಾರು 7 ಮೀಟರ್ ಆಚೆ ಕುಳಿತಂತೆ.

ಇಷ್ಟೇ ಆದರೆ ಮೇಳದ ಅನುಭವ ಬಾರದು. ಪೆಡಲ್ ಆ ತಡವನ್ನು ಒಂದೇ ಸಮನಾಗಿ ಇರಿಸದೆ, ಮೆಲ್ಲಮೆಲ್ಲನೆ ಹೆಚ್ಚಿಸುತ್ತ ತಗ್ಗಿಸುತ್ತ ಇರುತ್ತದೆ. ಆಗ ಎರಡನೆಯ ವಾದಕ ಕುಳಿತಲ್ಲಿಂದ ಎದ್ದು ಮುಂದಕ್ಕೂ ಹಿಂದಕ್ಕೂ ಓಲಾಡಿದಂತಾಯಿತು. ಕಬಕ ಪುತ್ತೂರು ರೈಲು ನಿಲ್ದಾಣದ ಬಳಿ ನಿಂತವರಿಗೆ, ನಿಲ್ಲದೆ ಹಾದುಹೋಗುವ ಬಂಡಿಯ ಸಿಳ್ಳು ಬರುವಾಗ ಏರಿದಂತೆಯೂ ಹೋಗುವಾಗ ಇಳಿದಂತೆಯೂ ಕೇಳಿಸುತ್ತದೆ. ಡಾಪ್ಲರ್ ಪರಿಣಾಮವೆಂದು ವಿಜ್ಞಾನಿಗಳು ಕರೆಯುವ ಆ ನಿಯಮವೇ ಇಲ್ಲಿಯೂ ಕೆಲಸ ಮಾಡುತ್ತದೆ. ತಡ ತಗ್ಗುತ್ತಿರುವಾಗ ಸ್ವರ ತುಸು ಏರುತ್ತದೆ, ಹೆಚ್ಚುತ್ತಿರುವಾಗ ಇಳಿಯುತ್ತದೆ. ಓಲಾಡದ ಮೂಲಸ್ವರದೊಡನೆ ಈ ಓಲಾಡುವ ಸ್ವರ ಬೆರೆತಾಗ ಮಿನುಗು ಹುಟ್ಟುತ್ತದೆ.

ಸಂಕೇತವನ್ನು ತಡೆಯುವುದು ಹೇಗೆ? ಬಾವಿ ತೋಡುವಲ್ಲಿ ಜನರು ಸಾಲಾಗಿ ನಿಂತು ಮಣ್ಣಿನ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುವುದನ್ನು ನೋಡಿದ್ದೇವಷ್ಟೆ. ಹಾಲೆಂಡಿನ ಫಿಲಿಪ್ಸ್ ಸಂಶೋಧನಾಲಯದ ಸ್ಯಾಂಗ್‌ಸ್ಟರ್ ಮತ್ತು ಟೀರ್ ಎಂಬವರು 1969ರಲ್ಲಿ ಇದೇ ಉಪಾಯವನ್ನು ವಿದ್ಯುತ್ತಿಗೆ ಅಳವಡಿಸಿದರು. ಸಾಲುಗಟ್ಟಿದ ಸಣ್ಣ ಸಣ್ಣ ಧಾರಕಗಳಲ್ಲಿ ಒಂದರ ವಿದ್ಯುದಂಶವನ್ನು ಮುಂದಿನದು ಪಡೆದು ದಾಟಿಸುತ್ತ ಹೋಗುತ್ತದೆ. ಬಕೆಟ್ ಬ್ರಿಗೇಡ್ ಎಂದು ಅದಕ್ಕೆ ಹೆಸರು. ಪೆಡಲುಗಳಲ್ಲಿ ಹೆಸರಾದ ಎಂಎನ್ 3007 ಎಂಬ ಬಿಲ್ಲೆಯಲ್ಲಿ ಇಂತಹ 1024 ಮೆಟ್ಟಿಲುಗಳಿವೆ. ದಾಟಿಸುವ ತಾಳವನ್ನು ಸೆಕೆಂಡಿಗೆ 50,000ಕ್ಕೆ ಇರಿಸಿದರೆ ಸಂಕೇತ 10.24 ಮಿಲಿಸೆಕೆಂಡ್ ತಡವಾಗಿ ಹೊರಬರುತ್ತದೆ. ತಾಳವನ್ನು ನಿಧಾನಿಸಿದರೆ ಇನ್ನೂ ತಡ. ಜಪಾನಿನ ರೋಲಂಡ್ ಸಂಸ್ಥೆ 1975ರಲ್ಲಿ ತನ್ನ ಜೆಸಿ-120 ಧ್ವನಿವರ್ಧಕದಲ್ಲಿ ಈ ಏರ್ಪಾಡನ್ನು ಸೇರಿಸಿತು. 1976ರಲ್ಲಿ ಬಾಸ್ ಸಿಇ-1 ಎಂಬ ಹೆಸರಿನಲ್ಲಿ ಅದು ಬೇರೆಯೇ ಪೆಟ್ಟಿಗೆಯಾಯಿತು. ಇಂದಿನ ಅನೇಕ ಪೆಡಲುಗಳಲ್ಲಿ ಬುಟ್ಟಿಗಳ ಸಾಲಿನ ಬದಲು ಅಂಕಿಗಳಲ್ಲಿ ಲೆಕ್ಕಮಾಡುವ ಡಿಜಿಟಲ್ ಬಿಲ್ಲೆ ಇರುತ್ತದೆ, ತತ್ತ್ವ ಒಂದೇ.

ಶ್ರುತಿಯ ಲೆಕ್ಕ

ಈಗ ಮುಖ್ಯ ಸಂಗತಿಗೆ ಬರೋಣ. ಕೋರಸ್ ಪೆಡಲ್ ಎಂದರೆ, ಅಳತೆಯಲ್ಲಿ ಶ್ರುತಿ ತಪ್ಪಿಸುವ ಯಂತ್ರ. ಎಷ್ಟು ತಪ್ಪಿಸುತ್ತದೆ ಎಂಬುದನ್ನು ಎರಡು ತಿರುಪುಗಳು ನಿರ್ಣಯಿಸುತ್ತವೆ. ಓಲಾಟ ಎಷ್ಟು ಬೇಗ ಎಂಬುದಕ್ಕೆ ರೇಟ್, ಎಷ್ಟು ದೂರ ಎಂಬುದಕ್ಕೆ ಡೆಪ್ತ್. ತಡವು ನಡುಬಿಂದುವಿನಿಂದ ಆಚೆಗೂ ಈಚೆಗೂ 2 ಮಿಲಿಸೆಕೆಂಡ್ ಸರಿಯುತ್ತ, ಸೆಕೆಂಡಿಗೆ ಒಂದು ಸುತ್ತು ನಯವಾಗಿ ಓಲಾಡಿದರೆ, ಸ್ವರ ಹೆಚ್ಚೆಂದರೆ ನೂರಕ್ಕೆ 1.26ರಷ್ಟು ಏರಿ ಇಳಿಯುತ್ತದೆ. ನಮ್ಮ ಸಂಗೀತಶಾಸ್ತ್ರದ ಪ್ರಮಾಣ ಶ್ರುತಿಯನ್ನು ಈಗಿನವರು 81ಕ್ಕೆ 80ರ ಅನುಪಾತವೆಂದು ಗಣಿಸುತ್ತಾರೆ. ಅದು ನೂರಕ್ಕೆ 1.25. ಎಂದರೆ ಇಷ್ಟು ಓಲಾಟಕ್ಕೇ ಸ್ವರವು ಒಂದು ಶ್ರುತಿಯಷ್ಟು ಮೇಲಕ್ಕೂ ಒಂದು ಶ್ರುತಿಯಷ್ಟು ಕೆಳಕ್ಕೂ ಜಾರಿಬಿಡುತ್ತದೆ!

ಇನ್ನೊಂದನ್ನೂ ಗಮನಿಸಬೇಕು. ಡೆಪ್ತನ್ನು ಮುಟ್ಟದೆ ರೇಟನ್ನು ಇಮ್ಮಡಿ ಮಾಡಿದರೆ ಈ ಜಾರುವಿಕೆಯೂ ಇಮ್ಮಡಿಯಾಗುತ್ತದೆ. ವೇಗ ಹೆಚ್ಚಿಸಿದವರು ದೂರವನ್ನು ತಗ್ಗಿಸಬೇಕೆಂಬುದು ಇದರಿಂದ ಸಿದ್ಧಿಸುವ ನಿಯಮ.

ಪಾಶ್ಚಾತ್ಯ ಚಲನಚಿತ್ರಗೀತೆಯ ಧಾಟಿಯಲ್ಲಿ ಕ್ಷಣಕ್ಷಣಕ್ಕೆ ಸ್ವರಗುಚ್ಛ ಬದಲಾಗುವಾಗ ಈ ಜಾರುವಿಕೆ ಅಲಂಕಾರವಾಗಿ ಕೇಳಿಸಬಹುದು. ಷಡ್ಜವು ಎಡೆಬಿಡದೆ ಮೊಳಗುವ ನಮ್ಮ ಹಾಡುಗಾರಿಕೆಯಲ್ಲಿ ಹಾಗಲ್ಲ. ಸುಳ್ಯದ ಕಡೆಯ ಒಂದು ಭಜನಾ ಕಾರ್ಯಕ್ರಮದಲ್ಲಿ ಹಾರ್ಮೋನಿಯಮ್ಮಿನೊಡನೆ ತರುಣನೊಬ್ಬ ಗಿಟಾರ್ ನುಡಿಸುವುದನ್ನು ನಾವು ಕೇಳಿದೆವು. ಅವನ ಬೆರಳುಗಳಲ್ಲಿ ದೋಷವಿರಲಿಲ್ಲ. ಆದರೂ ಎರಡು ಹಾಡು ಮುಗಿಯುವುದರೊಳಗೆ ಹಿರಿಯ ಗಾಯಕರು ಕಿವಿಗೆ ಕೈಯಿಟ್ಟು ಷಡ್ಜವನ್ನು ಹುಡುಕತೊಡಗಿದರು. ಮೂರನೆಯ ಹಾಡಿಗೆ ಮೊದಲು ಗಿಟಾರನ್ನು ನಿಲ್ಲಿಸಲಾಯಿತು. ಹುಡುಗನು ತಲೆ ತಗ್ಗಿಸಿ ಕುಳಿತ. ಅವನ ಪೆಡಲಿನಲ್ಲಿದ್ದುದು ಒಂದೇ ತಿರುಪು, ವೇಗದ್ದು. ಓಲಾಟದ ದೂರವನ್ನು ತಗ್ಗಿಸುವ ಉಪಾಯವೇ ಅದರಲ್ಲಿರಲಿಲ್ಲ. ತಪ್ಪು ಅವನದಲ್ಲ, ಆಯ್ಕೆಯದು.

ಆರಿಸುವಾಗ

ಆದುದರಿಂದ ನಮ್ಮ ಮೊದಲ ಸಲಹೆ: ರೇಟ್ ಮತ್ತು ಡೆಪ್ತ್ ಎರಡೂ ಬೇರೆ ಬೇರೆಯಾಗಿ ಇರುವ, ಡೆಪ್ತನ್ನು ಪೂರ್ಣವಾಗಿ ತಗ್ಗಿಸಲು ಬರುವ ಪೆಡಲನ್ನೇ ಕೊಳ್ಳಬೇಕು. ಮೂಲಸ್ವರಕ್ಕೆ ಎಷ್ಟು ಪಾಲು ಓಲಾಡುವ ಸ್ವರ ಬೆರೆಯಬೇಕೆಂಬುದನ್ನು ತಿದ್ದುವ ಮಿಕ್ಸ್ ಎಂಬ ಮೂರನೆಯ ತಿರುಪು ಇದ್ದರೆ ಇನ್ನೂ ಲೇಸು. ಅಂಚೆಯಲ್ಲಿ ತರಿಸುವವರೂ ಚಿತ್ರದಲ್ಲಿ ತಿರುಪುಗಳನ್ನು ಎಣಿಸಿ ಇದನ್ನು ಅರಿಯಬಹುದು.

ಬುಟ್ಟಿಸಾಲಿನದೋ ಡಿಜಿಟಲ್ಲೋ ಎಂಬ ವಾದ ಬಹಳ ನಡೆದಿದೆ. ಮೊದಲನೆಯದರ ನಾದ ತುಸು ಮಬ್ಬಾಗಿ ಮೆತ್ತಗಿರುತ್ತದೆ, ಸಣ್ಣ ಸುಯ್ಯೆಂಬ ಸದ್ದೂ ಇರುತ್ತದೆ, ಎರಡನೆಯದು ತಿಳಿಯಾಗಿರುತ್ತದೆ. ಇದು ರುಚಿಯ ಮಾತು. ನಮ್ಮ ಊರುಗಳಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ವಿದ್ಯುತ್ತಿನದು. 10 ಮಿಲಿಆಂಪಿಯರ್ ಸೇದುವ ಪೆಡಲು 500 ಮಿಲಿಆಂಪಿಯರ್-ಗಂಟೆಯ 9 ವೋಲ್ಟ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 50 ಗಂಟೆ ನಡೆದರೆ, 60 ಮಿಲಿಆಂಪಿಯರ್ ಸೇದುವುದು ಎಂಟು ಗಂಟೆಗೇ ಮುಗಿಸುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ದೀಪ ಆರುವ ಕಡಬದ ಒಳನಾಡಿನವರು ಈ ಅಂಕಿಯನ್ನು ನೋಡಿಯೇ ಕೊಳ್ಳಬೇಕು. ಕೆಲವು ಪೆಡಲುಗಳಿಗೆ ಬ್ಯಾಟರಿಯ ಗೂಡೇ ಇರುವುದಿಲ್ಲ. ಗೋಡೆಯ ವಿದ್ಯುತ್ತನ್ನು ಬಳಸುವುದಾದರೆ ಅಡಾಪ್ಟರಿನ ಧ್ರುವವನ್ನು ಪರೀಕ್ಷಿಸಬೇಕು. ಗಿಟಾರ್ ಪೆಡಲುಗಳಲ್ಲಿ ಸಾಮಾನ್ಯವಾಗಿ ನಡುವಿನ ಸೂಜಿ ಋಣ. ಮನೆಯ ಇತರ ಉಪಕರಣಗಳ ಅಡಾಪ್ಟರುಗಳಲ್ಲಿ ಹೆಚ್ಚಾಗಿ ಅದು ಧನ. ಅದಲುಬದಲಾದರೆ ಪೆಡಲು ಸುಟ್ಟುಹೋಗಬಹುದು. ಎಪ್ರಿಲ್-ಮೇ ತಿಂಗಳ ಸಂಜೆಯ ಗುಡುಗಿಗೆ ಮೊದಲೇ ಅಡಾಪ್ಟರನ್ನು ಕಳಚಿಡುವುದು ಕ್ಷೇಮ.

ಎರಡು ಕಡೆಗೆ ನಾದ ಹಂಚುವ ಸ್ಟೀರಿಯೊ ಪೆಡಲು ಎರಡು ಧ್ವನಿವರ್ಧಕಗಳಿದ್ದಾಗ ಮಾತ್ರ ಸಾರ್ಥಕ. ಒಂದೇ ಪೆಟ್ಟಿಗೆ ಇರುವ ಸಭಾಂಗಣಕ್ಕೆ ಅದಕ್ಕಾಗಿ ಹೆಚ್ಚು ಹಣ ತೆರಬೇಕಿಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ತಿರುಪುಗಳ ಒಳಗೆ ತೇವ ಸೇರಿ ಕರಕರ ಸದ್ದು ಹುಟ್ಟುವುದುಂಟು. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಟ್ಟರೆ ಪೆಡಲು ಬಹುಕಾಲ ಬಾಳುತ್ತದೆ.

ಪೆಡಲು ಕೈಸೇರಿದ ಮೇಲೆ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ, ಹೀಗೆ ಪರೀಕ್ಷಿಸಿರಿ. ಪೆಡಲನ್ನು ಆರಿಸಿ, ಶ್ರುತಿಪೆಟ್ಟಿಗೆಯ ಷಡ್ಜಕ್ಕೆ ಗಿಟಾರನ್ನು ಸೇರಿಸಿರಿ. ಬಳಿಕ ಡೆಪ್ತನ್ನು ಸೊನ್ನೆಗೆ ಇಳಿಸಿ ಪೆಡಲನ್ನು ಚಾಲೂ ಮಾಡಿ, ಷಡ್ಜವನ್ನು ಉದ್ದಕ್ಕೆ ನುಡಿಸುತ್ತ ಮೆಲ್ಲಗೆ ಡೆಪ್ತನ್ನು ಏರಿಸಿರಿ. ಒಂದು ಹಂತದಲ್ಲಿ ಷಡ್ಜವು ನಿಂತಲ್ಲಿ ನಿಲ್ಲದಾಗುತ್ತದೆ. ಅಲ್ಲಿಂದ ಸ್ವಲ್ಪ ಹಿಂದಕ್ಕೆ ತಿರುಗಿಸಿದ ಜಾಗವೇ ನಿಮ್ಮ ಎಲ್ಲೆ. ಅಲ್ಲೊಂದು ಬಣ್ಣದ ಗುರುತು ಹಾಕಿಡಿರಿ. ಸೊನ್ನೆಯಲ್ಲಿಯೂ ಸ್ವರ ಓಲಾಡುವ ಪೆಡಲನ್ನು ಹಿಂದಿರುಗಿಸಿಬಿಡಿರಿ.

ಮೊದಲು ಪೆಡಲನ್ನು ಆರಿಸಿಯೇ ಶ್ರುತಿ ಮಾಡಬೇಕೆಂದು ನಾವು ಹೇಳಿದುದಕ್ಕೆ ಕಾರಣವಿದೆ. ಈ ಮಿನುಗು ತಂತಿಯ ಸಣ್ಣಪುಟ್ಟ ಅಪಶ್ರುತಿಯನ್ನು ಮರೆಮಾಡಿಬಿಡುತ್ತದೆ. ಕಲಿಯುವವನು ಸದಾ ಅದರ ನೆರಳಿನಲ್ಲೇ ನುಡಿಸಿದರೆ ಅವನ ಕಿವಿ ಬಲಿಯುವುದಿಲ್ಲ. ಭಜನಾ ಮಂದಿರದ ಇಪ್ಪತ್ತು ಮಂದಿಯೂ ಒಂದೇ ಷಡ್ಜವನ್ನು ಸೇರಲು ಯತ್ನಿಸುತ್ತಿರುವುದರಿಂದಲೇ ಅವರ ಅಣುಮಾತ್ರದ ಭೇದ ನಮಗೆ ಇಂಪಾಗಿ ಕೇಳುತ್ತದೆ. ಪೆಡಲು ಆ ಭೇದವನ್ನು ಕೊಡಬಲ್ಲುದು; ಯತ್ನವನ್ನು ವಾದಕನೇ ಮಾಡಬೇಕು.