ಮ್ಯೂಸಿಕ್ ಬಿಂಗೋದಲ್ಲಿ ‘ಲಕ್ಕಿ ಕಾರ್ಡ್’ ಇದೆಯಾ? ಒಬ್ಬರಿಗೇ ಎರಡು ಬಹುಮಾನ ಬಂದರೆ ಅದು ಮೋಸವಾ?

ಅಪಾರ್ಟ್‌ಮೆಂಟಿನ ಗಣೇಶೋತ್ಸವ, ಆಫೀಸಿನ ಫ್ಯಾಮಿಲಿ ಡೇ, ಕಿಟಿ ಪಾರ್ಟಿ, ಹೊರದೇಶದ ಕನ್ನಡ ಕೂಟಗಳ ಯುಗಾದಿ. ಎಲ್ಲಿ ತಂಬೋಲಾ ನಡೆಯುತ್ತಿತ್ತೋ ಅಲ್ಲೆಲ್ಲ ಈಗ ಮ್ಯೂಸಿಕ್ ಬಿಂಗೋ ಕೂಡ ಕಾಣಿಸುತ್ತದೆ. ಆಟ ಮುಗಿದ ಮೇಲೆ ವಾಟ್ಸಾಪ್ ಗ್ರೂಪಿನಲ್ಲಿ ಇನ್ನೊಂದು ಆಟ ಶುರು: “ಅದೇ ಮನೆಯವರಿಗೆ ಎರಡು ಸಲ ಹೇಗೆ ಬಂತು? ಕಾರ್ಡ್ ಮೊದಲೇ ನೋಡಿಕೊಂಡಿದ್ರಾ?” ಜೊತೆಗೆ ಫಾರ್ವರ್ಡ್‌ಗಳು. ಇಂಥ ಕಾರ್ಡ್ ಆರಿಸಿದರೆ ಗೆಲುವು ಖಚಿತ, ಈ ಆಟ ಆಡಿದರೆ ಮರೆವಿನ ಕಾಯಿಲೆ ಬರಲ್ಲ, ಈ ಲಿಂಕ್ ಒತ್ತಿ ಮನೆಯಲ್ಲೇ ಆಡಿ ಹಣ ಗೆಲ್ಲಿ. ಇವುಗಳನ್ನು ಒಂದೊಂದಾಗಿ ನೋಡೋಣ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ತಂಬೋಲಾದಲ್ಲಿ ಅಂಕಿ ಕೂಗುತ್ತಾರೆ, ಇಲ್ಲಿ ಹಾಡಿನ ತುಣುಕು ಹಾಕುತ್ತಾರೆ. ಕಾರ್ಡಿನಲ್ಲಿ 5×5 ಮನೆಗಳು, ನಡುವಿನದು ಖಾಲಿ (ಅದು ಎಲ್ಲರಿಗೂ ಉಚಿತ), ಉಳಿದ 24ರಲ್ಲಿ ಹಾಡುಗಳ ಹೆಸರು. ಕೇಳಿದ ಹಾಡು ನಿಮ್ಮ ಕಾರ್ಡಿನಲ್ಲಿದ್ದರೆ ಗುರುತು ಹಾಕಿ. ಅಡ್ಡ, ಉದ್ದ ಅಥವಾ ಮೂಲೆಯಿಂದ ಮೂಲೆಗೆ ಒಂದು ಸಾಲು ತುಂಬಿದರೆ “ಬಿಂಗೋ!” ಅಂತ ಕೂಗಿ. ಇಂಥ ಸಾಲುಗಳು ಒಟ್ಟು 12.

ಲಕ್ಕಿ ಕಾರ್ಡ್ ವಿಷಯಕ್ಕೆ ಬರೋಣ. ಹಾಡುಗಳ ಕ್ರಮವನ್ನು ನಿಜವಾಗಿಯೂ ಕಲಸಿ ಹಾಕಿದ್ದರೆ ಎಲ್ಲ ಕಾರ್ಡಿಗೂ ಗೆಲ್ಲುವ ಸಾಧ್ಯತೆ ಒಂದೇ. ಮೊದಲು ತೆಗೆದುಕೊಂಡ ಕಾರ್ಡ್, ಕೊನೆಗೆ ಉಳಿದ ಕಾರ್ಡ್, ಮಗುವಿನ ಕೈಯಿಂದ ಆರಿಸಿದ ಕಾರ್ಡ್, ಯಾವುದಕ್ಕೂ ವಿಶೇಷವಿಲ್ಲ. ಆದರೂ ನಮಗೆ ಅನುಮಾನ ಬರುವುದು ಯಾಕೆ? 75 ಹಾಡುಗಳ ಪಟ್ಟಿ, 40 ಜನ ಆಟಗಾರರು ಅಂದುಕೊಳ್ಳಿ. ಲೆಕ್ಕ ಹಾಕಿದರೆ ಸುಮಾರು 19ನೇ ಹಾಡಿನ ಹೊತ್ತಿಗೇ ಯಾರಾದರೊಬ್ಬರು ಬಿಂಗೋ ಕೂಗುವ ಸಾಧ್ಯತೆ ಅರ್ಧಕ್ಕರ್ಧ. ಆ ಹೊತ್ತಿಗೆ ನಿಮ್ಮ ಕಾರ್ಡಿನಲ್ಲಿ ಗುರುತಾಗಿರುವುದು ಸರಾಸರಿ ಆರೇ ಹಾಡು, ಅದೂ ಚದುರಿಕೊಂಡು. ನಿಮ್ಮದೊಂದೇ ಕಾರ್ಡ್ ಇದ್ದಿದ್ದರೆ ಒಂದು ಸಾಲು ತುಂಬಲು 41–42 ಹಾಡು ಬೇಕಾಗುತ್ತಿತ್ತು. “ನನಗಿನ್ನೂ ಏನೂ ಆಗಿಲ್ಲ, ಅವರಿಗೆ ಹೇಗೆ ಮುಗಿದೇ ಹೋಯ್ತು” ಅನ್ನಿಸುವುದು ಇಲ್ಲೇ. ನೀವು ನೋಡುವುದು ನಿಮ್ಮ ಒಂದು ಕಾರ್ಡನ್ನು. ಗೆಲ್ಲುವುದು ನಲವತ್ತರಲ್ಲಿ ಯಾವುದೋ ಒಂದು.

ಎರಡು ಬಹುಮಾನದ ಜಗಳಕ್ಕೆ ಉತ್ತರ ಇನ್ನೂ ಸ್ವಾರಸ್ಯಕರ. 40 ಜನರಲ್ಲಿ 5 ಬಹುಮಾನ ಹಂಚಬೇಕು, ಪ್ರತಿ ಸಲವೂ ಎಲ್ಲರಿಗೂ ಸಮಾನ ಅವಕಾಶ. ಯಾರಿಗೂ ಎರಡು ಬರದೆ ಐದು ಬೇರೆ ಬೇರೆ ಜನರಿಗೇ ಹೋಗುವ ಸಾಧ್ಯತೆ ಶೇ. 77. ಅಂದರೆ ನಾಲ್ಕು ಕಾರ್ಯಕ್ರಮಗಳಲ್ಲಿ ಹತ್ತಿರ ಹತ್ತಿರ ಒಂದರಲ್ಲಿ ಯಾರಿಗೋ ಎರಡು ಬಂದೇ ಬರುತ್ತದೆ. ಬಹುಮಾನ 10 ಆದರೆ? ಯಾರಾದರೊಬ್ಬರಿಗೆ ಎರಡು ಅಥವಾ ಹೆಚ್ಚು ಬರುವ ಸಾಧ್ಯತೆ ಶೇ. 70 ದಾಟುತ್ತದೆ! ಒಂದು ಕೋಣೆಯಲ್ಲಿ 23 ಜನರಿದ್ದರೆ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಇರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು ಅಂತಾರಲ್ಲ, ಅದೇ ಗಣಿತ ಇದು. “ನಿರ್ದಿಷ್ಟವಾಗಿ ಮೂರನೇ ಮಹಡಿಯ ಆಂಟಿಗೆ ಎರಡು ಬರುತ್ತಾ” ಎಂದು ಮೊದಲೇ ಕೇಳಿದ್ದರೆ ಸಾಧ್ಯತೆ ತೀರಾ ಕಡಿಮೆ. “ಯಾರಿಗಾದರೂ ಬರುತ್ತಾ” ಅಂದರೆ ಬಹಳ ಹೆಚ್ಚು. ಬಂದ ಮೇಲೆ ನಾವು ಎರಡನೆಯದನ್ನು ಮರೆತು ಮೊದಲನೆಯದರ ಲೆಕ್ಕದಲ್ಲಿ ಅನುಮಾನ ಪಡುತ್ತೇವೆ. ಅಕ್ಕಪಕ್ಕದ ಮನೆಯವರು ಒಂದು ಸ್ಟೀಲ್ ಡಬ್ಬಿಗಾಗಿ ಮಾತು ಬಿಡುವಷ್ಟು ದೊಡ್ಡ ಸಾಕ್ಷ್ಯ ಇದಲ್ಲ. ಬೇಸರ ಬೇಡ ಅಂದರೆ “ಒಬ್ಬರಿಗೆ ಒಂದೇ ಬಹುಮಾನ” ಎಂದು ಆಟಕ್ಕೆ ಮುಂಚೆಯೇ ಹೇಳಿಬಿಡಿ.

ಹಾಗಾದರೆ ಮ್ಯೂಸಿಕ್ ಬಿಂಗೋದಲ್ಲಿ ಅನ್ಯಾಯವೇ ಆಗಲ್ವಾ? ಆಗುತ್ತೆ. ಆದರೆ ನಾವು ಹುಡುಕುವ ಜಾಗದಲ್ಲಲ್ಲ.

ಹಾಡು ಹಾಕುವವರು ಪಟ್ಟಿಯನ್ನು ಕಲಸದೆ, “ಮೊದಲು ಹಿಟ್ ಹಾಡು ಹಾಕೋಣ, ಜನ ಕುಣೀತಾರೆ” ಎಂದು ತಾವೇ ಆರಿಸಿದರೆ, ಹಿಟ್ ಹಾಡುಗಳು ಒಂದೇ ಸಾಲಿನಲ್ಲಿರುವ ಕಾರ್ಡ್ ಮುಂದೆ ಹೋಗುತ್ತದೆ. ಇದು ನಿಜವಾದ ತಾರತಮ್ಯ, ಉದ್ದೇಶ ಒಳ್ಳೆಯದೇ ಇದ್ದರೂ. ಇನ್ನೊಂದು, ಹಾಡುಗಳ ಆಯ್ಕೆ. ಹದಿಹರೆಯದಿಂದ ಇಪ್ಪತ್ತರ ವಯಸ್ಸಿನವರೆಗೆ ಕೇಳಿದ ಹಾಡುಗಳು ನಮ್ಮ ನೆನಪಿನಲ್ಲಿ ಉಳಿದವಕ್ಕಿಂತ ಗಟ್ಟಿಯಾಗಿ ನಿಲ್ಲುತ್ತವೆ. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಕೇಳಿ ಬೆಳೆದ ಅಜ್ಜಿಯ ಮುಂದೆ ಬರೀ 2010ರ ನಂತರದ ಹಾಡುಗಳ ಕಾರ್ಡ್ ಇಟ್ಟರೆ ಗಣಿತದ ಪ್ರಕಾರ ಆಕೆಗೂ ಸಮಾನ ಅವಕಾಶ, ಆದರೆ ಹಾಡು ಯಾವುದೆಂದು ಗೊತ್ತಾದರೆ ತಾನೇ ಗುರುತು ಹಾಕುವುದು? ಎಲ್ಲ ದಶಕದ ಹಾಡೂ ಇರಲಿ.

ಹೆಸರಿನ ಗೊಂದಲವೂ ಉಂಟು. ಒಂದೇ ಧಾಟಿಯ ಹಾಡು ಎರಡು ಭಾಷೆಯಲ್ಲಿ ಇರಬಹುದು, ಒಂದೇ ಭಾವಗೀತೆಗೆ ಎರಡು ಧಾಟಿ ಇರಬಹುದು. ನಮ್ಮ ನಾಡಗೀತೆಗೆ ಯಾವ ಧಾಟಿ ಎಂಬ ಚರ್ಚೆಯೇ ವರ್ಷಗಟ್ಟಲೆ ನಡೆದು, 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿ ಅವರ ಧಾಟಿಯನ್ನು ಗೊತ್ತುಮಾಡಿತು. ಬಿಂಗೋ ಜಗಳಕ್ಕೆ ಅಷ್ಟು ಸಮಯ ಯಾರಿಗೂ ಇಲ್ಲ, ಹಾಗಾಗಿ ಕಾರ್ಡಿನಲ್ಲಿ ಪಲ್ಲವಿಯ ಜೊತೆ ಸಿನಿಮಾ ಅಥವಾ ಗಾಯಕರ ಹೆಸರೂ ಹಾಕಿ.

ಪಟ್ಟಿ ಚಿಕ್ಕದಾದರೆ ಇನ್ನೊಂದು ಫಜೀತಿ. ಕಾರ್ಡಿಗೆ 24 ಹಾಡು ಬೇಕು, ಪಟ್ಟಿಯಲ್ಲಿ 30 ಮಾತ್ರ ಇದ್ದರೆ ಎಲ್ಲರ ಕಾರ್ಡೂ ಹೆಚ್ಚುಕಮ್ಮಿ ಒಂದೇ, ಒಮ್ಮೆಗೇ ಆರೇಳು ಜನ ಬಿಂಗೋ ಕೂಗುತ್ತಾರೆ. ಹಾಗಂತ 75 ಹಾಡು ಇಟ್ಟುಕೊಂಡು ಫುಲ್ ಹೌಸ್ ಕೂಡ ಆಡಿಸಲು ಹೊರಟರೆ, 40 ಜನರಿದ್ದರೂ ಸುಮಾರು 65 ಹಾಡು ಬೇಕು. ತಲಾ 30 ಸೆಕೆಂಡ್ ಅಂದರೂ ಹಾಡಿಗೇ ಅರ್ಧ ಗಂಟೆ ದಾಟುತ್ತದೆ, ಗಲಾಟೆ, ನಗು, ಪರಿಶೀಲನೆ ಬೇರೆ. ಊಟ ತಣ್ಣಗಾಗುತ್ತದೆ.

ಇನ್ನು ಕೆಲವರು ಒಂದು ಸೆಕೆಂಡಿಗೇ ಹಾಡು ಹೇಳಿಬಿಡುತ್ತಾರೆ. ಅದಕ್ಕೂ “ಮೊದಲೇ ಗೊತ್ತಿತ್ತು” ಎಂಬ ಆರೋಪ. ಕೆನಡಾದ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಜನಪ್ರಿಯ ಹಾಡುಗಳ ಪಟ್ಟಿ ಮುಂದಿಟ್ಟಾಗ ಕೇಳುಗರು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಸಣ್ಣ ತುಣುಕಿನಿಂದಲೂ, ಬರೀ ಊಹೆಗಿಂತ ಹೆಚ್ಚು ಸರಿಯಾಗಿ ಹಾಡು ಗುರುತಿಸಿದ್ದರು. ಅಷ್ಟು ಹೊತ್ತಿನಲ್ಲಿ ರಾಗ ಕೇಳುವುದೇ ಇಲ್ಲ. ವಾದ್ಯಗಳ, ದನಿಯ ವಿಶಿಷ್ಟ ನಾದವೇ ಸುಳಿವು. ಆದ್ದರಿಂದ ಮೂಲ ಹಾಡನ್ನೇ ಹಾಕಿ, ಕರಾವೋಕೆ ಟ್ರ್ಯಾಕ್ ಹಾಕಿದರೆ ಈ ಸುಳಿವು ಹೋಗುತ್ತದೆ. ಅಂತ್ಯಾಕ್ಷರಿಯಲ್ಲಿ ಹಾಡನ್ನು ತಲೆಯಿಂದ ಹೆಕ್ಕಿ ತೆಗೆಯಬೇಕು, ಇಲ್ಲಿ ಹೆಸರು ಕಣ್ಣೆದುರೇ ಇದೆ, ಬರೀ ಗುರುತಿಸಿದರೆ ಸಾಕು. ಹಿರಿಯರಿಗೂ, ಹಾಡಲು ನಾಚುವವರಿಗೂ ಈ ಆಟ ಹಿಡಿಸುವುದು ಅದಕ್ಕೇ ಎಂದು ನಮಗನ್ನಿಸುತ್ತದೆ.

ಮರೆವಿನ ಕಾಯಿಲೆ ಬರಲ್ಲ ಅನ್ನುವುದು ಮಾತ್ರ ಉತ್ಪ್ರೇಕ್ಷೆ. ಡಿಮೆನ್ಷಿಯಾ ಇರುವವರಿಗೆ ಸಂಗೀತ ಆಧಾರಿತ ಚಿಕಿತ್ಸೆ ಖಿನ್ನತೆಯ ಲಕ್ಷಣಗಳನ್ನು ಕಡಿಮೆ ಮಾಡಬಹುದು ಎಂದು ಕಾಕ್ರೇನ್ ಸಂಸ್ಥೆಯ ಪರಿಶೀಲನೆ ಹೇಳಿದೆ. ನೆನಪು, ಯೋಚನಾಶಕ್ತಿ ವಾಪಸ್ ಬರುತ್ತದೆ ಎಂದು ಹೇಳಿಲ್ಲ. ಪಾರ್ಟಿ ಆಟ ಚಿಕಿತ್ಸೆಯೂ ಅಲ್ಲ. ಡಿಮೆನ್ಷಿಯಾ ಕುರಿತ ಲ್ಯಾನ್ಸೆಟ್ ಆಯೋಗ 2024ರಲ್ಲಿ, ನಾವು ಬದಲಿಸಬಹುದಾದ 14 ಅಪಾಯಕಾರಿ ಅಂಶಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಬಿಪಿ, ಶುಗರ್ ಜೊತೆ ಒಂಟಿತನವೂ ಇದೆ, ಕಿವಿ ಮಂದವಾಗುವುದೂ ಇದೆ. ಹಾಗಾಗಿ ಒಂದು ವಿಷಯ ಗಮನಿಸಿ: ತಾನು ಮೆಚ್ಚಿದ ಹಳೇ ಹಾಡು ಬಂದರೂ ತಾತ ಸುಮ್ಮನೆ ಕೂತಿದ್ದರೆ “ವಯಸ್ಸಾಯ್ತು, ಮರೆತಿದ್ದಾರೆ” ಎಂದು ಬಿಡಬೇಡಿ. ಕೇಳಿಸಿರಲಿಕ್ಕಿಲ್ಲ. ಸ್ಪೀಕರಿನ ಸದ್ದು ಇನ್ನೂ ಏರಿಸುವುದು ಪರಿಹಾರವಲ್ಲ, ಅದರಿಂದ ಪಕ್ಕದಲ್ಲಿರುವ ಮಕ್ಕಳ ಕಿವಿಗೂ ಪೆಟ್ಟು. ಮುಂದಿನ ಸಾಲಿನಲ್ಲಿ ಕೂರಿಸಿ, ಬಳಿಕ ಕಿವಿ ಪರೀಕ್ಷೆ ಮಾಡಿಸಿ.

ಕೊನೆಯದು ಲಿಂಕ್. ಬಹುಮಾನ ಇಟ್ಟು ಮನೆಮಂದಿ ಆಡುವ ಆಟವೇ ಬೇರೆ, ಮೊಬೈಲಿನಲ್ಲಿ “ಟಿಕೆಟ್‌ಗೆ ₹50 ಹಾಕಿ, ₹5,000 ಗೆಲ್ಲಿ” ಎನ್ನುವುದೇ ಬೇರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ, ಅದು ಅದೃಷ್ಟದ ಆಟವಾದರೂ ಕೌಶಲದ ಆಟವಾದರೂ. “ನೀವು ಗೆದ್ದಿದ್ದೀರಿ, ಹಣ ಪಡೆಯಲು ಯುಪಿಐ ಪಿನ್ ಹಾಕಿ” ಎಂದರೆ ಅಲ್ಲೇ ನಿಲ್ಲಿಸಿ. ಹಣ ಪಡೆಯಲು ಪಿನ್ ಬೇಡ, ಪಿನ್ ಹಾಕಿದರೆ ಹಣ ಹೋಗುವುದು ನಿಮ್ಮ ಖಾತೆಯಿಂದ. ಈಗಾಗಲೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಆ ಲಿಂಕ್ ನಿಮಗೆ ಬಂದ ಗ್ರೂಪಿನಲ್ಲೂ ಒಂದು ಮಾತು ಹಾಕಿ, ಇನ್ನೊಬ್ಬರು ಒತ್ತುವ ಮೊದಲು.